ತಾರಸಿಯ ಬೆಂಡೆ, ಫೋನಿನ ಸೆನ್ಸೆಕ್ಸ್

ಬೆಂಗಳೂರಿನ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಕೋವಿಡ್ ಕಾಲದಲ್ಲಿ ಎರಡು ಅಭ್ಯಾಸಗಳು ಒಟ್ಟಿಗೇ ಅಂಟಿಕೊಂಡವು. ಒಂದು, ತಾರಸಿಯಲ್ಲಿ ಸಾವಯವ ತರಕಾರಿ. ಇನ್ನೊಂದು, ಫೋನಿನಲ್ಲಿ ಷೇರು ಪೇಟೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು, ಅಂದರೆ ಷೇರು ಇಟ್ಟುಕೊಳ್ಳುವ ಖಾತೆಗಳು, ಸುಮಾರು 4 ಕೋಟಿ. 2024ರ ಮಾರ್ಚ್ ಹೊತ್ತಿಗೆ ಅವು 15 ಕೋಟಿ ದಾಟಿದ್ದವು. ಗ್ರೋ ಬ್ಯಾಗ್, ಕೋಕೊಪೀಟ್, ಬೇವಿನ ಹಿಂಡಿ ಈಗ ಬಡಾವಣೆಯ ಸಣ್ಣ ನರ್ಸರಿಯಲ್ಲೂ ಸಿಗುತ್ತವೆ. ಏಳು ಗಂಟೆಗೆ ಗಿಡ ನೋಡುವುದು, ಒಂಬತ್ತೂಕಾಲಕ್ಕೆ ಪೇಟೆ ತೆರೆಯುತ್ತಲೇ ನಿಫ್ಟಿ ನೋಡುವುದು ಹಲವರ ದಿನಚರಿಯಾಗಿದೆ.

ಈ ಎರಡನ್ನೂ ಜೋಡಿಸಿ ಮಾತಾಡುವವರು ಸಾಮಾನ್ಯವಾಗಿ ತಾಳ್ಮೆಯ ಪಾಠ ಹೇಳುತ್ತಾರೆ. ಗಿಡ ಬೆಳೆಯಲು ಕಾಯಬೇಕು, ದುಡ್ಡು ಬೆಳೆಯಲೂ ಕಾಯಬೇಕು ಎಂದು. ಬೇಸಿಗೆಯ ಬಾಗಿಲಲ್ಲಿ ತರಕಾರಿ ಬೆಳೆದವರು ಇದನ್ನು ಸುಲಭಕ್ಕೆ ಒಪ್ಪಲಾರರು. ಯುಗಾದಿ ಹೊತ್ತಿನ ತೋಟಕ್ಕೆ ದಿನವೂ ಕಣ್ಣು ಬೇಕು, ಅವಸರವೂ ಬೇಕು. ಅದೇ ಕಣ್ಣು, ಅದೇ ಅವಸರ ಪೇಟೆಗೆ ಹೋದರೆ ಕೈಯಿಂದ ಹಣ ಜಾರುತ್ತದೆ.

ಬೆಂಡೆಯನ್ನೇ ತೆಗೆದುಕೊಳ್ಳಿ. ಫೆಬ್ರುವರಿ, ಮಾರ್ಚ್‌ನಲ್ಲಿ ಬಿತ್ತಿದರೆ ವಾರದೊಳಗೆ ಮೊಳಕೆ, ಐವತ್ತು ದಿನದ ಆಸುಪಾಸಿಗೆ ಮೊದಲ ಕಾಯಿ. ಬಿಸಿಲು ಏರುತ್ತಿದ್ದಂತೆ ಬಿಳಿನೊಣ ಬರುತ್ತದೆ. ಎಲೆಯ ಮೇಲ್ಗಡೆ ಏನೂ ಕಾಣದು. ಎಲೆ ಮಗುಚಿದರೆ ನರಗಳ ಪಕ್ಕದಲ್ಲಿ ಕಣ್ಣು ಕಿರಿದು ಮಾಡಿ ಹುಡುಕಬೇಕಾದಷ್ಟು ಸಣ್ಣ ಮಸುಕು ಚುಕ್ಕೆಗಳು. ಗಿಡ ಅಲುಗಿಸಿದರೆ ಬೂದಿ ಹಾರಿದಂತೆ ಎದ್ದು ಮತ್ತೆ ಅಲ್ಲೇ ಕೂರುವ ನೊಣಗಳು. ರಸ ಹೀರುವುದಷ್ಟೇ ಆಗಿದ್ದರೆ ಗಿಡ ತಡೆದುಕೊಂಡೀತು. ಆದರೆ ಇವು ಹಳದಿ ನಂಜು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತವೆ. ನರಗಳು ಬಲೆಯಾಕಾರದಲ್ಲಿ ಹಳದಿಯಾದ ಗಿಡಕ್ಕೆ ಮದ್ದಿಲ್ಲ, ಕಿತ್ತು ದೂರ ಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಳೆಸಿದ ಅರ್ಕಾ ಅನಾಮಿಕ ತಳಿಗೆ ಹೆಸರು ಬಂದದ್ದೇ ಈ ರೋಗವನ್ನು ತಡೆಯುವ ಗುಣದಿಂದ.

ರಾಸಾಯನಿಕ ಮುಟ್ಟದವರಿಗೆ ಬೇಗ ಪತ್ತೆಹಚ್ಚುವುದೇ ಮುಖ್ಯ ಅಸ್ತ್ರ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎಣ್ಣೆ ಬೆರೆಯಲು ಚೂರು ಸೋಪಿನ ನೀರು, ಇಳಿಹೊತ್ತಿನಲ್ಲಿ ಎಲೆಯ ಅಡಿಭಾಗಕ್ಕೆ ಸಿಂಪಡಣೆ. ಬೇವು ಮರಿಗಳ ಮೇಲೆ ಬೀರುವ ಪ್ರಭಾವವನ್ನು ಬೆಳೆದ ನೊಣದ ಮೇಲೆ ಬೀರದು. ಹಾಗಾಗಿ ಇವತ್ತು ಕಂಡದ್ದಕ್ಕೂ ಮುಂದಿನ ವಾರ ಕಂಡದ್ದಕ್ಕೂ ಬಹಳ ವ್ಯತ್ಯಾಸ. ಕಾಯಿ ಬಿಟ್ಟ ಮೇಲೂ ಪುರುಸೊತ್ತಿಲ್ಲ. ದಿನ ಬಿಟ್ಟು ದಿನ ಕೊಯ್ಯಬೇಕು; ನಾಲ್ಕು ದಿನ ಊರಿಗೆ ಹೋಗಿ ಬಂದರೆ ಕಾಯಿ ನಾರಾಗಿರುತ್ತದೆ.

ಗೊಬ್ಬರಕ್ಕೂ ಇದೇ ಸುಗ್ಗಿ. ಬೀದಿಯ ಮರಗಳು ತರಗೆಲೆ ಉದುರಿಸುವ ಕಾಲ ಇದು. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಒಂದು ಚೀಲ ತರಗೆಲೆ ತಂದಿಟ್ಟುಕೊಂಡು ಅಡುಗೆಮನೆಯ ಹಸಿಕಸದ ಮೇಲೆ ಪದರ ಪದರವಾಗಿ ಹರಡಿದರೆ ವಾಸನೆಯಿಲ್ಲ, ಎರಡು ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ. ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರ್‌ನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನದ ತಿರುಳೂ ಇದೇ: ಹಸಿಯದು, ಒಣಗಿದ್ದು, ತೇವ, ಗಾಳಿ, ಮತ್ತೆ ಹೊತ್ತಿಗೆ ಸರಿಯಾಗಿ ಮಗುಚುವುದು.

ಇನ್ನು ಪೇಟೆ.

2020ರ ಮಾರ್ಚ್ 23ರ ಸೋಮವಾರ ಸೆನ್ಸೆಕ್ಸ್ ಒಂದೇ ದಿನದಲ್ಲಿ 3,934 ಅಂಶ, ಅಂದರೆ ಶೇ 13ಕ್ಕೂ ಹೆಚ್ಚು ಕುಸಿದು 25,981ಕ್ಕೆ ನಿಂತಿತು. ಮಾರ್ಚ್ 25ಕ್ಕೆ ಯುಗಾದಿ. ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಮುಂದಿನ ಜನವರಿಯಲ್ಲಿ ಸೂಚ್ಯಂಕ 50 ಸಾವಿರ ಮುಟ್ಟಿದಾಗ, ಆ ಸೋಮವಾರ ಹೆದರಿ ಮಾರಿದವರ ಖಾತೆಯಲ್ಲಿ ಷೇರು ಇರಲಿಲ್ಲ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ಸೂಚ್ಯಂಕ 4,390 ಅಂಶ ಬಿತ್ತು. ಜೂನ್ 7ರ ಸಂಜೆಗೆ ಆ ನಷ್ಟವೆಲ್ಲ ತುಂಬಿ ಸೂಚ್ಯಂಕ ಹೊಸ ಎತ್ತರದಲ್ಲಿತ್ತು. ಆ ಮೂರು ದಿನ ಫೋನ್ ಮುಟ್ಟದವರಿಗೆ ಏನೂ ಆಗಿರಲಿಲ್ಲ.

ದಿನದ ಲೆಕ್ಕ ಹಿಡಿದರೆ ಪೇಟೆ ಏರುವ ದಿನಗಳೂ ಇಳಿಯುವ ದಿನಗಳೂ ಹತ್ತಿರ ಹತ್ತಿರ ಸಮ. ಕಳೆದುಕೊಂಡದ್ದರ ನೋವು ಗಳಿಸಿದ್ದರ ಸಂತೋಷಕ್ಕಿಂತ ಸುಮಾರು ಇಮ್ಮಡಿ ಎಂದು ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ತೋರಿಸಿಕೊಟ್ಟಿದ್ದಾರೆ. ಎರಡನ್ನೂ ಕೂಡಿಸಿ ನೋಡಿದರೆ, ದಿನಾ ಪೇಟೆ ನೋಡುವವರ ಪಾಲಿಗೆ ಉಳಿಯುವುದು ಸಂಕಟ. ಸಂಕಟ ಕೈಯನ್ನು ಸುಮ್ಮನಿರಲು ಬಿಡದು. ಅಮೆರಿಕದ ಸಂಶೋಧಕರಾದ ಬ್ರಾಡ್ ಬಾರ್ಬರ್ ಮತ್ತು ಟೆರನ್ಸ್ ಓಡೀನ್, 66,465 ಕುಟುಂಬಗಳು 1991ರಿಂದ 1996ರವರೆಗೆ ನಡೆಸಿದ ವಹಿವಾಟನ್ನು ಅಭ್ಯಾಸ ಮಾಡಿದರು. ಪೇಟೆ ವರ್ಷಕ್ಕೆ ಶೇ 17.9 ಗಳಿಕೆ ಕೊಟ್ಟ ಆ ಅವಧಿಯಲ್ಲಿ, ಅತಿ ಹೆಚ್ಚು ಕೊಂಡು ಮಾರಿದವರಿಗೆ ಸಿಕ್ಕಿದ್ದು ಶೇ 11.4. ನಮ್ಮಲ್ಲಿ ಸ್ಥಿತಿ ಇನ್ನೂ ಕಳವಳಕಾರಿ. ಷೇರು ಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93 ಮಂದಿ ಮೂರು ವರ್ಷಗಳಲ್ಲಿ ನಷ್ಟ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಇದು ಮನೆ ಕಟ್ಟಬೇಕಿದ್ದ, ಮಕ್ಕಳ ಫೀಸು ಕಟ್ಟಬೇಕಿದ್ದ ದುಡ್ಡು.

ಹಾಗೆಂದು ಪೇಟೆಗೂ ತರಕಾರಿಗೂ ನಂಟೇ ಇಲ್ಲ ಎನ್ನಲಾಗದು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿ, ಕೋಲಾರದ ಎಪಿಎಂಸಿ ದೇಶದ ಸುದ್ದಿಯಾದಾಗ, ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಜಿಗಿಯಿತು. ತರಕಾರಿಯೊಂದರದೇ ಏರಿಕೆ ಶೇ 37ಕ್ಕೂ ಹೆಚ್ಚು. ಹಣದುಬ್ಬರ ಏರಿದರೆ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸುವುದಿಲ್ಲ, ಬಡ್ಡಿ ಇಳಿಯದಿದ್ದರೆ ಬ್ಯಾಂಕ್, ವಾಹನ, ಗೃಹ ನಿರ್ಮಾಣದ ಷೇರುಗಳು ಅಳುಕುತ್ತವೆ. ಅಕಾಲ ಮಳೆಗೆ ಟೊಮೆಟೊ ಹೂವು ಉದುರುವುದನ್ನು ತಮ್ಮ ಕುಂಡದಲ್ಲೇ ಕಂಡವರಿಗೆ ಈ ಸರಪಳಿಯ ಮೊದಲ ಕೊಂಡಿ ಗೊತ್ತು. ಆದರೆ ಅದನ್ನು ನಂಬಿ ಮರುದಿನ ಬೆಳಿಗ್ಗೆ ಕೊಳ್ಳಲು, ಮಾರಲು ಹೊರಡುವುದು ಬೇಡ. ಸುದ್ದಿ ಬೆಲೆಯಲ್ಲಿ ಅಷ್ಟರಲ್ಲಾಗಲೇ ಸೇರಿಹೋಗಿರುತ್ತದೆ.

ಮ್ಯೂಚುವಲ್ ಫಂಡಿನ ತಿಂಗಳ ಎಸ್‌ಐಪಿ ಕಂತು ತಾನಾಗಿ ಕಡಿತವಾಗುವಂತೆ ಮಾಡಿಟ್ಟು, ಬೆಲೆಯ ಅಲರ್ಟುಗಳನ್ನು ನಿಲ್ಲಿಸಿ, ಆ ಬೆಳಗಿನ ಹೊತ್ತನ್ನು ಎಲೆಯ ಅಡಿ ನೋಡಲು ಕೊಡುವುದು ಒಳ್ಳೆಯದು. ನೇರವಾಗಿ ಷೇರು ಕೊಂಡವರಿಗೆ ತ್ರೈಮಾಸಿಕ ಫಲಿತಾಂಶ ಬಂದಾಗ ಕೂತು ಓದುವ ಕೆಲಸ ಇದ್ದೇ ಇದೆ. ಕಂಪನಿಗಳಿಗೆ ಮಾರ್ಚ್ ಅಂತ್ಯದ ಲೆಕ್ಕ ಪ್ರಕಟಿಸಲು ಮೇ ಕೊನೆಯವರೆಗೆ ಅವಕಾಶವಿರುತ್ತದೆ. ಯುಗಾದಿಗೆ ಬಿತ್ತಿದ ಬೆಂಡೆ ಕೊಯ್ಲಿಗೆ ಬಂದಿರುವುದೂ ಆಗಲೇ.