ಪಿಸ್ತೂಲಿನ ತೋಟಾ: ಹೆಸರನ್ನಲ್ಲ, ಎಣಿಕೆಯನ್ನು ನಂಬಿರಿ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯು ಗುರಿಕಾರರಿಗೂ ಸಲ್ಲುವಂಥದು. ಹೊಡೆತ ತಪ್ಪಿದೊಡನೆ ಮದ್ದುಗುಂಡನ್ನು ದೂರುವುದು, ಮರುದಿನವೇ ಹೆಚ್ಚು ಬೆಲೆಯ ಪೆಟ್ಟಿಗೆಯೊಂದನ್ನು ಕೊಂಡು ತರುವುದು ಅವರಲ್ಲಿ ಸಾಮಾನ್ಯ. ಆದರೆ ನೆಲವೇ ನಿಜವಾಗಿ ಡೊಂಕಾಗಿರುವ ಸಂದರ್ಭಗಳೂ ಉಂಟು. ದೋಷವು ಕೈಯದೋ, ಪಿಸ್ತೂಲಿನದೋ, ತೋಟಾದ್ದೋ ಎಂಬುದನ್ನು ಬೇರ್ಪಡಿಸಿ ತಿಳಿಯಲು ವಿಜ್ಞಾನದಲ್ಲಿ ಸರಳವಾದ ಉಪಾಯವಿದೆ. ಪೆಟ್ಟಿಗೆಯ ಮೇಲಿನ ಹೆಸರಿಗಿಂತಲೂ ನೆರೆಯವನ ಶಿಫಾರಸಿಗಿಂತಲೂ ಆ ಉಪಾಯವನ್ನೇ ನಂಬಬೇಕೆಂಬುದು ನಮ್ಮ ಅಭಿಪ್ರಾಯ.

ಇದೇನು ಅಷ್ಟು ದೊಡ್ಡ ವಿಷಯವೆಂದು ವಾಚಕರು ಕೇಳಬಹುದು. ೨೦೧೨ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರರು ಭಾರತಕ್ಕೆ ಬೆಳ್ಳಿಯ ಪದಕ ತಂದುಕೊಟ್ಟ ೨೫ ಮೀಟರ್ ಶೀಘ್ರಗತಿಯ ಪಿಸ್ತೂಲು ಸ್ಪರ್ಧೆಯನ್ನು ನೆನೆಯಿರಿ. ಅದರ ಅರ್ಹತಾ ಸುತ್ತಿನಲ್ಲಿ ಸಾಲಾಗಿ ನಿಂತ ಐದು ಗುರಿಗಳಿಗೆ ಐದು ಗುಂಡುಗಳನ್ನು ಮೊದಲು ೮ ಸೆಕೆಂಡುಗಳಲ್ಲಿ, ಬಳಿಕ ೬ ಸೆಕೆಂಡುಗಳಲ್ಲಿ, ಕಡೆಗೆ ೪ ಸೆಕೆಂಡುಗಳಲ್ಲಿ ಹೊಡೆಯಬೇಕು. ಇಂತಹ ಗಳಿಗೆಯಲ್ಲಿ ಮೂರನೆಯ ತೋಟಾ ಹೊತ್ತಿಕೊಳ್ಳದೆ ಹೋದರೆ ಗತಿಯೇನು? ಸ್ಪರ್ಧೆಯ ನಿಯಮಗಳು ಒಂದಿಷ್ಟು ರಿಯಾಯಿತಿ ತೋರಿಯಾವು. ಕದಡಿದ ಮನಸ್ಸು ತೋರದು. ವರ್ಷಗಳ ಸಾಧನೆಯು ಬೆರಳ ತುದಿಗಿಂತ ದೊಡ್ಡದಲ್ಲದ ಹಿತ್ತಾಳೆಯ ಕೋಶವೊಂದನ್ನು ಅವಲಂಬಿಸಿರುತ್ತದೆ.

ಈ ಸ್ಪರ್ಧೆಗಳಲ್ಲಿ ಬಳಕೆಯಾಗುವುದು ‘.೨೨ ಲಾಂಗ್ ರೈಫಲ್’ ಎಂಬ ತೋಟಾ. ಅಮೆರಿಕದ ಸ್ಟೀವನ್ಸ್ ಕಂಪನಿಯು ೧೮೮೭ರಲ್ಲಿ ಹೊರತಂದ ಈ ಮಾದರಿಯು ಇಂದಿಗೂ ಹೆಚ್ಚು ಬದಲಾಗಿಲ್ಲ. ಸುಮಾರು ೨.೬ ಗ್ರಾಂ ತೂಕದ ಸೀಸದ ಗುಂಡು, ಅದರ ಹಿಂದೆ ಚಿಟಿಕೆಯಷ್ಟು ಮದ್ದು, ಇವೆರಡನ್ನೂ ಹಿಡಿದ ತೆಳುವಾದ ಕೋಶ. ದೊಡ್ಡ ತೋಟಾಗಳಲ್ಲಿ ಬೆಂಕಿ ಹುಟ್ಟಿಸುವ ಕೇಪು ಬುಡದ ನಡುವೆ ಪ್ರತ್ಯೇಕವಾಗಿ ಕುಳಿತಿರುತ್ತದೆ, ಇಲ್ಲಿ ಹಾಗಲ್ಲ. ಆಘಾತಕ್ಕೆ ಹೊತ್ತಿಕೊಳ್ಳುವ ಮಿಶ್ರಣವನ್ನು ಒದ್ದೆಯಾಗಿರುವಾಗಲೇ ಕೋಶದೊಳಗಿಟ್ಟು, ಕೋಶವನ್ನು ವೇಗವಾಗಿ ತಿರುಗಿಸಿ, ಬುಡದ ಟೊಳ್ಳು ಅಂಚಿನೊಳಕ್ಕೆ ಉಂಗುರದಂತೆ ಹರಡುತ್ತಾರೆ. ಪಿಸ್ತೂಲಿನ ಕುದುರೆಯನ್ನು ಎಳೆದಾಗ ಉಕ್ಕಿನ ಮೊಳೆಯೊಂದು ಈ ಅಂಚನ್ನು ಜಜ್ಜಿ ಕಿಡಿ ಹುಟ್ಟಿಸುತ್ತದೆ. ಆದ್ದರಿಂದಲೇ ಈ ಬಗೆಗೆ ‘ರಿಮ್‌ಫೈರ್’ ಎಂಬ ಹೆಸರು.

ಉಂಗುರದಲ್ಲಿ ಎಲ್ಲಿಯಾದರೂ ಮಿಶ್ರಣವು ಹರಡದೆ ಉಳಿದು, ಮೊಳೆಯು ಅಲ್ಲಿಯೇ ಬಡಿಯಿತೆನ್ನಿ: ತೋಟಾ ಹುಸಿಯಾಗುತ್ತದೆ. ಆದರೆ ತಪ್ಪು ಯಾವಾಗಲೂ ತೋಟಾದ್ದೇ ಅಲ್ಲ. ಹುಸಿಹೋದ ತೋಟಾದ ಅಂಚನ್ನು ನೋಡಿರಿ. ಜಜ್ಜಿದ ಗುರುತು ಆಳವಾಗಿದ್ದರೆ ತೋಟಾವನ್ನು ಶಂಕಿಸಬೇಕು; ಗುರುತು ತೀರ ಮೇಲುಮೇಲಾಗಿದ್ದರೆ ಸವೆದ ಮೊಳೆಯನ್ನೋ, ಸೋತ ಸ್ಪ್ರಿಂಗನ್ನೋ, ಕಟ್ಟಿಕೊಂಡ ಕೊಳೆಯನ್ನೋ ಶಂಕಿಸಬೇಕು. ಅರೆಸ್ವಯಂಚಾಲಿತ ಪಿಸ್ತೂಲಿಗೆ ಇನ್ನೊಂದು ಬೇಡಿಕೆಯೂ ಉಂಟು. ಹೊಡೆತದ ಒತ್ತಡವೇ ಅದರ ಜಾರುಭಾಗವನ್ನು ಹಿಂದಕ್ಕೆ ತಳ್ಳಿ, ಬರಿದಾದ ಕೋಶವನ್ನು ಹೊರಚೆಲ್ಲಿ, ಹೊಸ ತೋಟಾವನ್ನು ಒಳಗೆ ಸೇರಿಸಬೇಕು. ಬಲ ಕುಂದಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮಿತಿಮೀರಿದರೆ ಯಂತ್ರವು ಜರ್ಝರಿತವಾಗುತ್ತದೆ. ‘ಅತಿವೇಗ’ವೆಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವುದನ್ನು ಕಂಡು ಮರುಳಾಗಬಾರದು. ಆ ವೇಗವನ್ನು ಸಾಮಾನ್ಯವಾಗಿ ರೈಫಲಿನ ಉದ್ದ ನಳಿಗೆಯಿಂದ ಅಳೆದಿರುತ್ತಾರೆ. ಸುಮಾರು ೧೫ ಸೆಂಟಿಮೀಟರ್ ಉದ್ದದ ಪಿಸ್ತೂಲಿನ ನಳಿಗೆಯಲ್ಲಿ ಅಷ್ಟು ವೇಗ ಬರುವುದಿಲ್ಲ.

ಇನ್ನು ಎಣಿಕೆಯ ಮಾತಿಗೆ ಬರೋಣ. “ಒಂದು ಪೆಟ್ಟಿಗೆ ಪೂರ್ತಿ ಹೊಡೆದೆ, ಒಂದೂ ಹುಸಿಯಾಗಲಿಲ್ಲ, ಈ ತೋಟಾ ನಂಬಿಕೆಗೆ ಅರ್ಹ” ಎಂದು ಹೇಳುವವರಿದ್ದಾರೆ. ಪೆಟ್ಟಿಗೆಯಲ್ಲಿರುವುದು ೫೦ ತೋಟಾ. ನೂರಕ್ಕೆ ಒಂದರಂತೆ ಹುಸಿಯಾಗುವ ಕಳಪೆ ತೋಟಾಗಳಾದರೂ ಅಂತಹ ೫೦ ಒಂದೂ ತಪ್ಪದೆ ಹೊತ್ತಿಕೊಳ್ಳುವ ಸಂಭವವು ನೂರಕ್ಕೆ ೬೦ರಷ್ಟಿದೆ! ಅದೇ ತೋಟಾಗಳನ್ನು ಹಿಡಿದು ೬೦ ಹೊಡೆತಗಳ ಸ್ಪರ್ಧೆಗೆ ಇಳಿದವನಿಗೆ ಒಮ್ಮೆಯಾದರೂ ಹುಸಿ ಎದುರಾಗುವ ಸಂಭವವು ನೂರಕ್ಕೆ ೪೫. ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಸುಲಭ ಸೂತ್ರವನ್ನು ಹೇಳುತ್ತಾರೆ. ಒಂದೂ ತಪ್ಪಿಲ್ಲದೆ ನಡೆದ ಪ್ರಯೋಗಗಳ ಸಂಖ್ಯೆಯಿಂದ ೩ನ್ನು ಭಾಗಿಸಿದರೆ, ದೋಷವು ಎಷ್ಟರವರೆಗೆ ಇದ್ದೀತೆಂಬುದರ ಮೇಲ್ಮಿತಿ ಸಿಗುತ್ತದೆ. ಈ ಮಾತನ್ನು ನೂರಕ್ಕೆ ೯೫ರ ಭರವಸೆಯಿಂದ ಹೇಳಬಹುದು. ೫೦ ತೋಟಾ ಸರಿಯಾಗಿ ನಡೆದರೆ ದೋಷವು ನೂರಕ್ಕೆ ೬ಕ್ಕಿಂತ ಕಡಿಮೆ ಎನ್ನಬಹುದು, ಅಷ್ಟೆ. ನೂರಕ್ಕೆ ೧ಕ್ಕಿಂತ ಕಡಿಮೆ ಎನ್ನಬೇಕಾದರೆ ೩೦೦ ತೋಟಾ ಒಂದೂ ತಪ್ಪದೆ ನಡೆಯಬೇಕು.

ನಿಖರತೆಯ ವಿಷಯದಲ್ಲಿಯೂ ಇಂತಹುದೇ ಭ್ರಮೆಯಿದೆ. ಐದು ಗುಂಡುಗಳು ಒಂದೆಡೆ ಒತ್ತಾಗಿ ಬಿದ್ದ ಕಾಗದವನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಅದೇ ಪ್ರಮಾಣವೆನ್ನುವವರು ಹಲವರು. ಅದೇ ಪಿಸ್ತೂಲಿನಿಂದ ಅದೇ ತೋಟಾಗಳನ್ನು ಹತ್ತು ಸಾರಿ ಹೊಡೆದರೆ ಗುಂಪಿನ ಅಗಲವು ಸರಾಸರಿಯಲ್ಲಿ ಕಾಲುಭಾಗದಷ್ಟು ಹಿಗ್ಗುವುದು ಸಹಜ. ಆಧಾರದ ಮೇಲೆ ಪಿಸ್ತೂಲನ್ನು ಭದ್ರವಾಗಿರಿಸಿ, ಹತ್ತು ಹತ್ತರ ಹಲವು ಗುಂಪುಗಳನ್ನು ಹೊಡೆದು, ಸರಾಸರಿಗಳನ್ನು ಹೋಲಿಸಿದರೆ ಮಾತ್ರ ತೀರ್ಪು ನ್ಯಾಯವಾದದ್ದು.

ಹಾಗೆ ಹೋಲಿಸಿ ಶ್ರೇಷ್ಠವಾದುದನ್ನು ಕಂಡುಕೊಂಡ ಮೇಲೆ ಅದಕ್ಕೆ ಹಲವು ಪಟ್ಟು ಬೆಲೆ ತೆರಬೇಕೇ? ಇಲ್ಲಿ ಪೈಥಾಗೊರಸನ ಪ್ರಮೇಯವು ನೆರವಿಗೆ ಬರುತ್ತದೆ. ಕೈಯ ಚೆದರಿಕೆ, ತೋಟಾದ ಚೆದರಿಕೆ ಇವೆರಡು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಹೊಸಬನೊಬ್ಬನ ಕೈಯ ಚೆದರಿಕೆ ೮೦ ಮಿಲಿಮೀಟರ್, ತೋಟಾದ್ದು ೩೦ ಎಂದಿಟ್ಟುಕೊಳ್ಳೋಣ. ಒಟ್ಟು ಸುಮಾರು ೮೫. ದುಬಾರಿ ತೋಟಾ ತಂದು ೩೦ನ್ನು ೧೫ಕ್ಕೆ ಇಳಿಸಿದರೂ ಒಟ್ಟು ೮೧ರಷ್ಟಾದೀತು. ಉಳಿತಾಯ ೪ ಮಿಲಿಮೀಟರ್. ನಿಧಾನಗತಿಯ ೨೫ ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸವೇ ೫೦ ಮಿಲಿಮೀಟರ್ ಇರುವಾಗ ಈ ನಾಲ್ಕು ಅಷ್ಟಾಗಿ ಗಣನೆಗೆ ಬಾರದು. ಕೈ ಪಳಗಿ ಚೆದರಿಕೆ ೪೦ಕ್ಕೆ ಇಳಿದವನಿಗಾದರೋ ಅದೇ ಬದಲಾವಣೆಯು ಒಟ್ಟನ್ನು ೫೦ರಿಂದ ೪೩ಕ್ಕೆ ತರುತ್ತದೆ. ಅವನಿಗೆ ಆ ಹಣವು ಸಾರ್ಥಕ. ಹೊಸಬರು ಮೊದಲು ನೆಚ್ಚಬಹುದಾದ ಸಾಮಾನ್ಯ ತೋಟಾವನ್ನು ಹಿಡಿದು ಅಭ್ಯಾಸ ಹೆಚ್ಚಿಸಿಕೊಳ್ಳಲಿ. ಕೈ ಪಳಗಿದಂತೆ ನಿಖರತೆಗೆ ಬೆಲೆ ತೆರಲಿ. ಈ ಕ್ರಮವನ್ನು ತಲೆಕೆಳಗು ಮಾಡುವುದು ಹಣವನ್ನು ಹೊಳೆಗೆ ಸುರಿದಂತೆಯೇ ಸರಿ.

ಒಂದೇ ಹೆಸರಿನ ತೋಟಾಗಳು ಸಹ ಒಂದೊಂದು ಸಲದ ತಯಾರಿಕೆಯಲ್ಲಿ ಒಂದೊಂದು ಬಗೆಯಾಗಿರುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅವಶ್ಯ. ಲಾಪುವಾ ಕಂಪನಿಯು ಜರ್ಮನಿಯ ಶೋನೆಬೆಕ್‌ನಲ್ಲಿ ಒಂದು ಪರೀಕ್ಷಾಕೇಂದ್ರವನ್ನೇ ನಡೆಸುತ್ತಿದೆ. ಸ್ಪರ್ಧಾಳುಗಳ ಆಯುಧಗಳನ್ನು ಅಲ್ಲಿ ಹಿಡಿಕೆಯಲ್ಲಿ ಬಿಗಿದು ಯಾವ ಲಾಟು ಯಾವುದಕ್ಕೆ ಒಗ್ಗುವುದೆಂದು ನೋಡುತ್ತಾರೆ. ತಯಾರಕರೇ ಹೀಗೆ ಪರೀಕ್ಷಿಸುವಾಗ ನಾವು ಬರಿಯ ಹೆಸರನ್ನು ನಂಬುವುದು ಯಾವ ನ್ಯಾಯ?

“ಪರವಾನಗಿಯ ಮಿತಿಯಲ್ಲಿ ಸಿಗುವುದೇ ಕೆಲವು, ಪರೀಕ್ಷೆಗೆಂದು ೩೦೦ ತೋಟಾಗಳನ್ನು ಎಲ್ಲಿಂದ ತರುವುದು?” ಎಂಬ ಆಕ್ಷೇಪವು ಸಹಜವಾದದ್ದೇ. ನಮ್ಮ ಉತ್ತರವಿಷ್ಟೆ: ಪರೀಕ್ಷೆಗೆ ಬೇರೆ ತೋಟಾ ಬೇಡ, ಅಭ್ಯಾಸದ ತೋಟಾಗಳೇ ಸಾಕು, ಬರೆದಿಡುವ ಪುಸ್ತಕವೊಂದು ಬೇಕು. ಒಂದೇ ಲಾಟನ್ನು ಬಳಸುವ ಸಂಘದ ಸದಸ್ಯರೆಲ್ಲರೂ ತಮ್ಮ ಹುಸಿಗಳನ್ನು ಒಂದೆಡೆ ಬರೆದರೆ ಕೆಲವೇ ವಾರಗಳಲ್ಲಿ ನೂರಾರು ಹೊಡೆತಗಳ ಲೆಕ್ಕ ಕೂಡುತ್ತದೆ. ಹುಸಿಯು ಎಲ್ಲರ ಪಿಸ್ತೂಲಿನಲ್ಲಿಯೂ ಕಂಡರೆ ದೋಷ ತೋಟಾದ್ದು. ಒಬ್ಬನದರಲ್ಲಿ ಮಾತ್ರ ಕಂಡರೆ ಆ ಪಿಸ್ತೂಲಿನದು.

ಇನ್ನೊಂದು ಎಚ್ಚರಿಕೆ. ಹುಸಿಯಾದೊಡನೆ ಪಿಸ್ತೂಲನ್ನು ತೆರೆಯಬಾರದು. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಕಿಡಿ ತಡವಾಗಿಯೂ ಹೊತ್ತಿಕೊಂಡೀತು. ಸದ್ದು ಮಂಕಾಗಿ ಕೇಳಿಸಿದರಂತೂ ಗುಂಡು ನಳಿಗೆಯಲ್ಲಿಯೇ ಸಿಕ್ಕಿರಬಹುದು. ನಳಿಗೆ ಬರಿದಾಗಿದೆಯೆಂದು ಕಣ್ಣಾರೆ ಕಾಣದೆ ಎರಡನೆಯ ಹೊಡೆತ ಹೊಡೆದವನು ಕೈಯನ್ನೇ ಕಳೆದುಕೊಂಡಾನು.

ನೆಲವು ಡೊಂಕೋ, ಕಾಲು ಡೊಂಕೋ ಎಂಬ ಪ್ರಶ್ನೆಗೆ ಹೀಗೆ ಬರೆದಿಟ್ಟ ಎಣಿಕೆಯೇ ಉತ್ತರ ಹೇಳಬಲ್ಲದು. ನೆಲ ಡೊಂಕಾಗಿದ್ದರೆ ತೋಟಾವನ್ನು ಬದಲಾಯಿಸಿರಿ. ನೆಲ ನೆಟ್ಟಗಿದೆಯೆಂದು ಪುಸ್ತಕವು ಸಾರಿದರೆ ಪೆಟ್ಟಿಗೆಯ ದೂರನ್ನು ಬಿಟ್ಟು ಅಭ್ಯಾಸಕ್ಕೆ ಹಿಂದಿರುಗಿರಿ.