ಪದಗಳ ನೆಂಟಸ್ತನ: ಕೆಂಬೂತ

ಅಣ್ಣಾ ನಗರದ ಗಿಡಮರಗಳ ಕಡೆಯಿಂದ ಬೆಳಗಿನ ಹೊತ್ತು 'ಊಪ್, ಊಪ್' ಎಂಬ ಗಂಭೀರವಾದ ಕೂಗನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಪೊದೆಗಳಲ್ಲಿ ಅಡ್ಡಾಡಿ ಹುಳುಹುಪ್ಪಟೆ ಹೆಕ್ಕುವ ಈ ಹಕ್ಕಿಯೇ ಕೆಂಬೂತ. ನವಿಲನ್ನು ನೋಡಿ ಪುಕ್ಕ ಕೆದರಿತೆಂದು ಗಾದೆಯಲ್ಲಿ ನಗೆಪಾಟಲಾದದ್ದೂ ಇದೇ.

ಹೆಸರಿನಲ್ಲಿ 'ಭೂತ'ವಿದೆಯೆಂದು ಮಕ್ಕಳು ಹೆದರುವುದುಂಟು. ದೊಡ್ಡವರು ಮಹಾಪ್ರಾಣ ಹಾಕಿ ಬರೆಯುವುದೂ ಉಂಟು. ಪಾಪ, ಈ ಪಕ್ಷಿಗೂ ದೆವ್ವಕ್ಕೂ ಸಂಬಂಧವೇ ಇಲ್ಲ. ಸಾಕ್ಷಿ ಬೇಕೆ? ನೆರೆಮನೆಯ ತಮಿಳರನ್ನು ಕೇಳಿರಿ, 'ಸೆಂಬೋತ್ತು' ಎನ್ನುತ್ತಾರೆ. ಮಲೆಯಾಳಿಗಳು 'ಚೆಂಬೋತ್ತ್' ಎನ್ನುತ್ತಾರೆ. ನಮ್ಮ 'ಕೆಂ', ಅವರ 'ಸೆಂ', 'ಚೆಂ' ಎಲ್ಲವೂ ಕೆಂಪೇ. ಇ, ಎ ಸ್ವರಗಳು ಕೂಡಿದ ಕಡೆ ಕನ್ನಡ ಉಳಿಸಿಕೊಂಡ ಹಳೆಯ ಕಕಾರವು ತಮಿಳಿನಲ್ಲಿ ಚಕಾರವಾಗಿ, ಆಡುವ ಬಾಯಲ್ಲಿ ಸಕಾರವಾಯಿತು. ಕಿವಿ–ಸೆವಿ, ಕಿರು–ಸಿರು, ಗೆಯ್–ಸೆಯ್ ಜೋಡಿಗಳನ್ನು ನೋಡಿರಿ. ಇನ್ನು ಉತ್ತರಪದ. ತಮಿಳರು ಅದನ್ನು 'ಪೋತ್ತು' ಎಂದು ಪಕಾರದಿಂದಲೇ ಬರೆಯುತ್ತಾರೆ. 'ಕಣ್' ಮತ್ತು 'ಪನಿ' ಸೇರಿ 'ಕಂಬನಿ'ಯಾದಂತೆ ಇಲ್ಲಿಯೂ ಪಕಾರವು ಬಕಾರವಾಗಿದೆ, ಭಕಾರಕ್ಕೆ ಎಡೆಯಿಲ್ಲ.

ಪರಊರಿನಲ್ಲಿ ನೆಲೆಸಿದವರ ಮನೆಯಲ್ಲಿ ಅನ್ನ, ನೀರು, ಅಮ್ಮ ಎಂಬ ಮಾತುಗಳು ಉಳಿಯುತ್ತವೆ. ಮೊದಲು ಮರೆಯಾಗುವುವು ಹಕ್ಕಿಯ, ಗಿಡದ, ಹುಳುವಿನ ಹೆಸರುಗಳು. ಶಾಲೆಯಿಂದ ಬಂದ ಮಗು 'ಸೆಂಬೋತ್ತು' ಎಂದರೆ ತಿದ್ದಬೇಡಿರಿ. ಜೊತೆಗೆ 'ಕೆಂಬೂತ'ವನ್ನೂ ಕಲಿಸಿರಿ. ಎರಡೂ ಒಂದೇ ಮನೆತನದವೆಂದು ತಿಳಿದ ಮಗು ಎರಡನ್ನೂ ಮರೆಯದು.

ಈ ಹಕ್ಕಿಗೆ ತುಳುನಾಡಿನಲ್ಲಿ 'ಕುಪ್ಪುಳು' ಎಂಬ ಹೆಸರುಂಟು. ನಿಮ್ಮ ಮನೆಯ ಹಿರಿಯರು ಏನೆನ್ನುತ್ತಿದ್ದರು? ದಯವಿಟ್ಟು ಬರೆದು ತಿಳಿಸಿರಿ.