ಲಕ್ಕವಳ್ಳಿಯಿಂದ ಬಂದ ನೀರು

ಶಾಲೆಯಿಂದ ಬಂದ ಮಗುವನ್ನು ನಾವು ಏನೆಂದು ಕೇಳುತ್ತೇವೆ? ಊಟ ಮಾಡಿದೆಯಾ, ಹೋಂವರ್ಕ್ ಎಷ್ಟಿದೆ, ಟೆಸ್ಟಿನಲ್ಲಿ ಎಷ್ಟು ಬಂತು. ಇಷ್ಟೇ ತಾನೇ? ಪ್ರಿಯ ಸಹೋದರಿಯರೇ, ನಾನೂ ಇದೇ ಸಾಲಿನವಳು.

ಈಚೆಗೆ ಶಾಮನೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅಸರ್ ನಮಾಝಿನ ಹೊತ್ತು. ತಂಗಿ ನಲ್ಲಿ ಬಿಟ್ಟುಕೊಂಡು ನನ್ನೊಡನೆ ಮಾತಾಡುತ್ತಲೇ ವುಝೂ ಮಾಡುತ್ತಿದ್ದಳು. ನಾಲ್ಕನೇ ತರಗತಿಯ ಮಗಳು ಬ್ಯಾಗನ್ನೂ ಇಳಿಸದೆ ಬಂದು ನಲ್ಲಿ ತಿರುಗಿಸಿಯೇ ಬಿಟ್ಟಳು.

"ಅಮ್ಮೀ, ಈ ನೀರು ಲಕ್ಕವಳ್ಳಿಯಿಂದ ಬಂದಿದೆ!"

"ಲಕ್ಕವಳ್ಳಿಯೋ ಗಿಕ್ಕವಳ್ಳಿಯೋ, ಹೋಗಿ ಕೈಕಾಲು ತೊಳಿ" ಎಂದಳು ತಂಗಿ. ಮಗುವಿನ ಮುಖ ಬಾಡಿತು. ಒಂದು ಮುದ್ದ್, ಅಂದರೆ ಒಂದು ಬೊಗಸೆಯಷ್ಟು ನೀರಿನಲ್ಲಿ ಪ್ರವಾದಿಯವರು(ಸ) ವುಝೂ ಮಾಡುತ್ತಿದ್ದರೆಂಬ ಹದೀಸ್ ನಮಗಿಬ್ಬರಿಗೂ ಗೊತ್ತು. ನೆನಪಿಸಬೇಕಾದವಳು ನಾನಾಗಿದ್ದೆ. ನೆನಪಿಸಿದ್ದು ಶಾಲೆಯ ಪಾಠ.

ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಒದ್ದೆ ಬೆರಳಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೆರೆ ಎಳೆದಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಹಾಗಾಗಿ ಉರ್ದು ಮಾತಿನ ನಡುವೆ 'ಜಲಾಶಯ', 'ಬಲದಂಡೆ ನಾಲೆ', 'ಸಂಗಮ' ಎಂಬ ಪದಗಳು ಹಾಗೇ ಬರುತ್ತಿದ್ದವು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಭದ್ರೆಗೆ ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟು. ಅಲ್ಲಿಂದ ಒಂದಷ್ಟು ನೀರು ನಾಲೆ ಹಿಡಿದು ದಾವಣಗೆರೆ ಕಡೆಯ ಗದ್ದೆಗಳಿಗೆ, ಕುಂದವಾಡ ಕೆರೆಗೆ, ಕೆರೆಯಿಂದ ನಲ್ಲಿಗೆ. ಇನ್ನೊಂದಷ್ಟು ನದಿಯಾಗಿಯೇ ಹರಿದು ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹರಿಹರಕ್ಕೆ.

"ಖಾಲಾ, ಹರಿಹರದಲ್ಲಿ ದಾದಿ ಇದ್ದಾರಲ್ಲ, ಅವರೂ ನಾವೂ ಒಂದೇ ನೀರು ಕುಡಿಯೋದು. ಬೇರೆ ಬೇರೆ ದಾರಿಯಲ್ಲಿ ಬಂದಿದ್ದು, ಅಷ್ಟೇ."

ಇಷ್ಟು ವರ್ಷ ಹರಿಹರದ ಸೇತುವೆ ದಾಟಿದ ನನಗೆ ಇದು ಹೊಳೆದೇ ಇರಲಿಲ್ಲ! 2023ರಲ್ಲಿ ಮಳೆ ಕೈಕೊಟ್ಟು, ನಾಲೆ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದಾಗಲೂ ಅದು ರೈತರ ವಿಷಯ ಎಂದೇ ಪೇಪರ್ ಮಡಚಿಟ್ಟಿದ್ದೆ.

ತಂಗಿ ನಮಾಝ್ ಮುಗಿಸಿ ಬಂದಳು. ಅವಳು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಗಳು ಪುಸ್ತಕ ತಂದರೆ "ನಿನ್ನ ಅಬ್ಬಾನನ್ನು ಕೇಳು" ಎಂದು ಜಾರಿಕೊಳ್ಳುತ್ತಾಳೆ. ಅದು ಸಿಟ್ಟಲ್ಲ, ಸಂಕೋಚ. ನಮ್ಮಲ್ಲಿ ಎಷ್ಟೋ ತಾಯಂದಿರಿಗೆ ಈ ಸಂಕೋಚವಿದೆ, ಬಾಯಿಬಿಟ್ಟು ಹೇಳುವುದಿಲ್ಲ.

ಚಹಾದ ಜೊತೆ ಮಂಡಕ್ಕಿ ಬಂತು. ಮಗು ಒಂದು ಕಾಳನ್ನು ಎತ್ತಿ ಹಿಡಿದು, "ಇದೂ ನಾಲೆ ನೀರಿನ ಭತ್ತದ್ದೇ ಇರಬೇಕು. ಆದರೆ ಭತ್ತ ಇಷ್ಟು ದಪ್ಪ ಆಗೋದು ಹೇಗೆ? ಪುಸ್ತಕದಲ್ಲಿಲ್ಲ" ಎಂದಳು.

ತಂಗಿ ನನ್ನ ಮುಖ ನೋಡಿ ನಕ್ಕಳು. ನಮ್ಮ ತಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಶಾಲೆ ಬಿಟ್ಟ ಮೇಲೆ ಅವರಿಗೆ ಬುತ್ತಿ ಒಯ್ಯುತ್ತಿದ್ದವಳು ಇವಳೇ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸಿ ಅಕ್ಕಿ ಮಾಡುವುದು, ಅಕ್ಕಿಗೆ ಉಪ್ಪುನೀರು ಹಿಡಿಸುವುದು, ಆಮೇಲೆ ಕೆಂಡದಂತೆ ಕಾದ ಮರಳಿನಲ್ಲಿ ಹುರಿಯುವುದು, ಎಲ್ಲವನ್ನೂ ಹೇಳಿದಳು. ಅಕ್ಕಿಯೊಳಗಿನ ತೇವ ಒಮ್ಮೆಲೇ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ ಎಂದು ನಾನು ಸೇರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮಗು ಅಮ್ಮನನ್ನೇ ನೋಡುತ್ತಿತ್ತು. ಅಮ್ಮ ಹೊಗೆಯ ಬಗ್ಗೆ, ಅಬ್ಬಾಜಾನರ ಕೆಮ್ಮಿನ ಬಗ್ಗೆ ಹೇಳುತ್ತಿದ್ದಳು. ಅದನ್ನು ಅವಳು ನನ್ನೊಡನೆಯೂ ಅಷ್ಟಾಗಿ ಆಡಿದ್ದಿಲ್ಲ.

ಮರುದಿನ ಮಗು ಓಡಿಬಂದಳು. ಬಾಗಿಲಲ್ಲೇ, "ಅಮ್ಮೀ, ನೀನು ಹೇಳಿದ್ದನ್ನು ಕ್ಲಾಸಿನಲ್ಲಿ ಹೇಳಿದೆ. ಆ ಮರಳು ಯಾವ ಹೊಳೆಯದು ಅಂತ ಟೀಚರ್ ಕೇಳಿದರು!"

ತಂಗಿ ಸ್ವಲ್ಪ ಹೊತ್ತು ಯೋಚಿಸಿದಳು. "ಗೊತ್ತಿಲ್ಲ ಬೇಟಾ. ಮಾಮೂಗೆ ಫೋನ್ ಹಚ್ಚು, ಕೇಳೋಣ" ಎಂದಳು.